ಒರೆಗೆ ಮರಳಿದ ಅಲಗು: ಜಾವಾದ ಘಟೋತ್ಕಚ

ನಮ್ಮ ಕಡೆ ಘಟೋತ್ಕಚ ಅಂದ ಕೂಡಲೇ ಕಣ್ಣಿಗೆ ಕಟ್ಟುವುದು ದೊಡ್ಡ ಹೊಟ್ಟೆ, ಹುರಿ ಮೀಸೆ, ಹೆಗಲ ಮೇಲೊಂದು ಗದೆ. ಯಕ್ಷಗಾನದಲ್ಲಾದರೆ ರಾಕ್ಷಸ ವೇಷದ ಆರ್ಭಟ, ಸಿನಿಮಾದಲ್ಲಾದರೆ ಹಂಡೆಗಟ್ಟಲೆ ಊಟ ಹೊಡೆದು ನಗಿಸುವ ಮಾಯಾವಿ. ಜಾವಾ ದ್ವೀಪದ ತೊಗಲುಗೊಂಬೆಯಾಟದಲ್ಲಿ, ಅಂದರೆ ವಯಾಂಗ್ ಕುಲಿತ್‌ನಲ್ಲಿ, ಅದೇ ಭೀಮನ ಮಗ ಪರದೆಗೆ ಬಂದರೆ ನಮಗೆ ಗುರುತೇ ಹತ್ತುವುದಿಲ್ಲ. ಬಳುಕುವ ಸೊಂಟ, ಅಗಲವಾಗಿ ಊರಿದ ಕಾಲು, ಚಿನ್ನದ ರೇಕಿನ ಮೈ, ಕಪ್ಪು ಮುಖ. ಬೆನ್ನಿಗೆ ರೆಕ್ಕೆಯಂಥ ಪ್ರಭೆ ಇದೆ, ಹಾರುವುದಕ್ಕೆ ರೆಕ್ಕೆಯೇ ಬೇಕಿಲ್ಲ. ಹಿರಿಯರೆದುರು ನಡು ಬಾಗಿಸಿ, ಗೌರವದ ಭಾಷೆಯಲ್ಲೇ ಮಾತಾಡುತ್ತಾನೆ. ಅವನ ಅಪ್ಪ ಭೀಮನಾದರೋ ಜಾವಾದಲ್ಲಿ ದೇವತೆಗಳನ್ನೂ ಏಕವಚನದಲ್ಲೇ ಕರೆಯುವವನು.

ಹೊರಗಿನ ರೂಪ ಬದಲಾದದ್ದು ದೊಡ್ಡ ಸಂಗತಿಯಲ್ಲ, ಊರೂರಿಗೂ ರೂಪ ಬದಲಾಗುತ್ತದೆ. ಜಾವಾದವರು ಮಾಡಿದ ನಿಜವಾದ ಕೆಲಸ ಇನ್ನೊಂದಿದೆ. ಮಹಾಭಾರತ ಘಟೋತ್ಕಚನಿಗೆ ಒಂದು ಭರ್ಜರಿ ಸಾವು ಕೊಟ್ಟಿತ್ತು, ಬದುಕು ಕೊಟ್ಟದ್ದು ಕಡಿಮೆ. ಜಾವಾದ ಕಥೆಗಾರರು ಆ ಸಾವಿನ ಕಡೆಯಿಂದ ಹಿಂದಕ್ಕೆ ಹೆಣೆಯುತ್ತ ಹೋಗಿ ಅವನಿಗೊಂದು ಪೂರ್ತಿ ಬದುಕು ಕಟ್ಟಿದರು. ಹುಟ್ಟಿದ ಗಳಿಗೆಯಿಂದ ಅವನಿಗೆ ಆದದ್ದು, ಅವನು ಮಾಡಿದ್ದು ಎಲ್ಲವೂ ಕುರುಕ್ಷೇತ್ರದ ಒಂದು ರಾತ್ರಿಯತ್ತಲೇ ಹರಿಯುತ್ತದೆ.

ಮೂಲದಲ್ಲಿ ಏನಿತ್ತು ಅಂತ ಒಮ್ಮೆ ನೆನಪು ಮಾಡಿಕೊಳ್ಳೋಣ. ಹಿಡಿಂಬೆಗೆ ಭೀಮನಿಂದ ಮಗ ಹುಟ್ಟುತ್ತಾನೆ, ಹುಟ್ಟಿದ ಕೂಡಲೇ ಬೆಳೆದು ನಿಲ್ಲುತ್ತಾನೆ, ನೆನೆದಾಗ ಬರುತ್ತೇನೆಂದು ಹೇಳಿ ಹೋಗುತ್ತಾನೆ. ವನವಾಸದಲ್ಲಿ ದ್ರೌಪದಿಯನ್ನು ಹೊತ್ತು ನಡೆಯುತ್ತಾನೆ. ಆಮೇಲೆ ಯುದ್ಧ. ಹದಿಮೂರನೆಯ ದಿನ ಅಭಿಮನ್ಯು ಸತ್ತ, ಹದಿನಾಲ್ಕನೆಯ ದಿನ ಜಯದ್ರಥ ಸತ್ತ, ಆ ಸಂಜೆ ಯುದ್ಧ ನಿಲ್ಲಲಿಲ್ಲ. ದೊಂದಿ ಬೆಳಕಿನಲ್ಲಿ ಕಾದಾಟ ಮುಂದುವರಿಯಿತು. ರಾತ್ರಿ ರಾಕ್ಷಸರ ಹೊತ್ತು. ಘಟೋತ್ಕಚ ಕೌರವ ಸೇನೆಯನ್ನು ಧೂಳೀಪಟ ಮಾಡುತ್ತಿದ್ದಾಗ, ಇಂದ್ರನಿಂದ ಪಡೆದು ಅರ್ಜುನನಿಗೆಂದೇ ಕಾಪಿಟ್ಟಿದ್ದ, ಒಂದೇ ಸಲ ಬಳಸಬಹುದಾದ ಶಕ್ತ್ಯಾಯುಧವನ್ನು ಕರ್ಣ ಬೇರೆ ದಾರಿ ಕಾಣದೆ ಇವನ ಮೇಲೆ ಎಸೆದ. ಪಾಂಡವರು ಅಳುತ್ತಿದ್ದರೆ ಕೃಷ್ಣ ಮಾತ್ರ ಅರ್ಜುನನನ್ನು ತಬ್ಬಿಕೊಂಡು ಕುಣಿದ. ಇನ್ನೂ ಮುಂದೆ ಹೋಗಿ, ಕರ್ಣ ಇವನನ್ನು ಕೊಲ್ಲದಿದ್ದರೆ ಯಜ್ಞದ್ವೇಷಿಯಾದ ಇವನನ್ನು ತಾನೇ ಕೊಲ್ಲಬೇಕಾಗುತ್ತಿತ್ತು ಎನ್ನುತ್ತಾನೆ. ವ್ಯಾಸಭಾರತದ ಅತ್ಯಂತ ಕಟುವಾದ ಮಾತುಗಳಲ್ಲಿ ಅದೂ ಒಂದು. ಅಲ್ಲಿ ಘಟೋತ್ಕಚನ ಪ್ರಾಣ ಅರ್ಜುನನ ಪ್ರಾಣಕ್ಕೆ ತೆತ್ತ ಬೆಲೆ, ಅಷ್ಟೇ.

ಈ ಲೆಕ್ಕಾಚಾರ ಜಾವಾದಲ್ಲಿ ಕಥೆಗೆ ಸಾಲಲಿಲ್ಲ.

ಮಹಾಭಾರತ ಅಲ್ಲಿಗೆ ಹೋಗಿ ನೆಲೆಸಿದ್ದು ಬಹಳ ಹಿಂದೆ. ಬಲಿತುಂಗ್ ಎಂಬ ರಾಜನ ಕಾಲದ, ಕ್ರಿ.ಶ. 907ರ ಶಾಸನವೊಂದರಲ್ಲಿ ಗಲಿಗಿ ಎಂಬಾತ ದೇವರಿಗಾಗಿ ವಯಾಂಗ್ ಆಡಿಸಿ ಭೀಮಕುಮಾರನ ಕಥೆ ಹೇಳಿದ ಉಲ್ಲೇಖವಿದೆ. ಇತ್ತ ಪಂಪ 941ರಲ್ಲಿ ಭಾರತವನ್ನು ಕನ್ನಡಕ್ಕೆ ತಂದ ಕೆಲವೇ ದಶಕಗಳಲ್ಲಿ, ಅತ್ತ ಪೂರ್ವ ಜಾವಾದ ಆಸ್ಥಾನದಲ್ಲಿ ಪರ್ವಗಳು ಹಳೆಯ ಜಾವಾ ಗದ್ಯಕ್ಕೆ ಇಳಿಯುತ್ತಿದ್ದವು. ಅಲ್ಲಿನ ವಿರಾಟಪರ್ವದ ಕಾಲ 996. ಸುಮಾರು 1030ರ ‘ಅರ್ಜುನವಿವಾಹ’ ಕಾವ್ಯದಲ್ಲಿ ಕವಿ ಕಣ್ವ ಒಂದು ಮಾತು ಹೇಳುತ್ತಾನೆ: ಆಟ ನೋಡುವ ಜನ, ಆಡುತ್ತಿರುವುದು ಕೆತ್ತಿದ ತೊಗಲು ಅಂತ ಗೊತ್ತಿದ್ದೂ ಅಳುತ್ತಾರೆ. 1157ರಲ್ಲಿ ಕೆದಿರಿಯ ರಾಜ ಜಯಬಯನ ಆಶ್ರಯದಲ್ಲಿ ಸೆದಾಹ್ ಮತ್ತು ಪನುಲುಹ್ ಎಂಬ ಇಬ್ಬರು ಕವಿಗಳು ‘ಭಾರತಯುದ್ಧ’ ಬರೆದರು.

ಅದೇ ಪನುಲುಹ್ ‘ಘಟೋತ್ಕಚಾಶ್ರಯ’ ಎಂಬ ಇನ್ನೊಂದು ಕಾವ್ಯವನ್ನೂ ಬರೆದ. ಇದರ ಕಥೆ ಕೇಳಿದರೆ ಕರಾವಳಿಯ ಆಟ ನೋಡಿ ಬೆಳೆದವರ ಕಿವಿ ನಿಮಿರಬೇಕು. ಕೃಷ್ಣನ ಮಗಳು ಕ್ಷಿತಿಸುಂದರಿಗೆ ದುರ್ಯೋಧನನ ಮಗ ಲಕ್ಷಣಕುಮಾರನೊಂದಿಗೆ ಮದುವೆ ಗೊತ್ತಾಗಿದೆ, ಅವಳ ಮನಸ್ಸು ಅಭಿಮನ್ಯುವಿನ ಮೇಲಿದೆ, ಘಟೋತ್ಕಚ ತಾನೇ ಮದುಮಗಳ ರೂಪ ತಾಳಿ ಕೌರವರಿಗೆ ಮಣ್ಣು ಮುಕ್ಕಿಸುತ್ತಾನೆ. ಬಲರಾಮನ ಮಗಳನ್ನಿಟ್ಟು ನಮ್ಮವರು ಆಡುವ ‘ಕನಕಾಂಗಿ ಕಲ್ಯಾಣ’ದ ಹಂದರವೂ ಇದೇ ತಾನೆ! ವ್ಯಾಸರಲ್ಲಿ ಇಲ್ಲದ ಈ ಕಥೆ ಕಡಲಿನ ಎರಡೂ ದಡಗಳಲ್ಲಿದೆ. ಈ ಮದುವೆಯನ್ನು ಓದುಗರು ನೆನಪಿಟ್ಟುಕೊಳ್ಳಲಿ, ಘಟೋತ್ಕಚನ ಸಾವಿಗೆ ಇದೇ ಒಂದು ಎಳೆ.

ಹೀಗೆ ಹೊಸ ಕಥೆ ಸೇರಿಸುವುದಕ್ಕೆ ವಯಾಂಗ್‌ನಲ್ಲಿ ಯಾರ ಅಡ್ಡಿಯೂ ಇಲ್ಲ. ಆಟ ಆಡಿಸುವ ದಲಾಂಗ್‌ಗಳು ಪ್ರಸಂಗವನ್ನು ಲಾಕೊನ್ ಎನ್ನುತ್ತಾರೆ. ಪರಂಪರೆ ಒಪ್ಪಿದ ಕಾಂಡದಂಥ ಕಥೆಗಳು ಪಾಕೆಮ್, ಅದರಿಂದ ಕವಲೊಡೆದವು ಚರಂಗಾನ್. ಕಾಂಡಕ್ಕೆ ಧಕ್ಕೆ ಬರದಿದ್ದರೆ ಕವಲು ಎಷ್ಟು ಬೇಕಾದರೂ ಚಾಚಬಹುದು. ಹಾಗಾಗಿಯೇ ಜಾವಾದಲ್ಲಿ ದ್ರೌಪದಿ ಧರ್ಮರಾಯನೊಬ್ಬನ ಹೆಂಡತಿ, ಶಿಖಂಡಿ ಬಿಲ್ಲು ಹಿಡಿದ ಹೆಂಗಸು ಮತ್ತು ಅರ್ಜುನನ ಮಡದಿ. ಇಸ್ಲಾಂ ಬಂದ ಮೇಲೂ ಆಟ ನಿಲ್ಲಲಿಲ್ಲ. ಜಾವಾದ ಅರಸರ ವಂಶಾವಳಿಗಳು ಪಾಂಡವರನ್ನು ತಮ್ಮ ಪೂರ್ವಜರೆಂದೇ ಎಣಿಸಿದವು. ಅಂದಮೇಲೆ ಮಹಾಭಾರತ ನಡೆದದ್ದೇ ತಮ್ಮ ನೆಲದಲ್ಲಿ ಎಂಬ ಭಾವ ಜನರಲ್ಲಿ ಬೇರೂರಿದ್ದು ಸಹಜ. ಮಧ್ಯ ಜಾವಾದ ದಿಯೆಂಗ್ ಪ್ರಸ್ಥಭೂಮಿಯಲ್ಲಿರುವ ಹಳೆಯ ಶಿವಾಲಯಗಳಿಗೆ ಊರವರು ಇಟ್ಟ ಹೆಸರು ಅರ್ಜುನ, ಭೀಮ, ಘಟೋತ್ಕಚ.

ಇನ್ನು ಹುಟ್ಟಿನ ಕಥೆ. ಭೀಮನಿಗೂ ಪ್ರಿಂಗಂದಾನಿ ಎಂಬ ರಾಕ್ಷಸ ರಾಜ್ಯದ ಅರಿಂಬಿಗೂ (ನಮ್ಮ ಹಿಡಿಂಬೆಯೇ) ಗಂಡು ಮಗು ಹುಟ್ಟಿತು. ತೆತುಕ ಎಂದು ಹೆಸರು. ಮಗುವಿನ ಹೊಕ್ಕುಳಬಳ್ಳಿಯನ್ನು ಯಾವ ಆಯುಧದಿಂದಲೂ ಕತ್ತರಿಸಲಾಗಲಿಲ್ಲ. ಚಿಕ್ಕಪ್ಪ ಅರ್ಜುನ ದೈವಾಯುಧ ಬೇಡಿ ತಪಸ್ಸಿಗೆ ಕೂತ. ಮೇಲಿನಿಂದ ನಾರದ ‘ಕೊಂತ’ ಎಂಬ ಆಯುಧ ಹಿಡಿದು ಇಳಿದು ಬಂದ. ಜಾವಾದ ನಾರದ ಗುಂಡುಗುಂಡಾದ, ಸ್ವಲ್ಪ ಎಡವಟ್ಟು ಸ್ವಭಾವದ ದೇವರು. ಅರ್ಜುನನನ್ನೇ ಹೋಲುವ ಕರ್ಣ ದಾರಿಯಲ್ಲಿ ಎದುರಾದ, ಸೂರ್ಯ ಮಗನ ಪರವಾಗಿ ನಾರದನ ಕಣ್ಣು ಕೋರೈಸಿದ, ಆಯುಧ ಕರ್ಣನ ಕೈ ಸೇರಿತು. ತಪ್ಪು ತಿಳಿದು ಅರ್ಜುನ ಬೆನ್ನಟ್ಟಿ ಹೋರಾಡಿದ. ಅಲಗು ಹಿಡಿದು ಕರ್ಣ ಪಾರಾದ, ಅರ್ಜುನನ ಕೈಗೆ ಉಳಿದದ್ದು ಬರೀ ಒರೆ.

ಮರದ ಆ ಒರೆಯಿಂದಲೇ ಬಳ್ಳಿ ಕಡಿಯಿತು. ಕಡಿದ ಕೂಡಲೇ ಒರೆ ಮಗುವಿನ ಹೊಕ್ಕುಳೊಳಗೆ ಸೇರಿ ಮಾಯವಾಯಿತು. ಮಗುವಿಗೆ ಅಪಾರ ಬಲ ಬಂದದ್ದು ಆ ಒರೆಯಿಂದ. ಆದರೆ ಎಲ್ಲೇ ಇದ್ದರೂ ಅಲಗು ಒಂದು ದಿನ ತನ್ನ ಒರೆಯನ್ನು ಹುಡುಕಿ ಬಂದೇ ಬರುತ್ತದೆ ಎಂಬ ಮಾತೂ ಅವತ್ತೇ ಬಂತು.

ಜಾಣ ಕಟ್ಟುವಿಕೆ ಅಂದರೆ ಇದು. ಮೂಲದಲ್ಲಿ ಇಂದ್ರನ ಆಯುಧಕ್ಕೂ ಘಟೋತ್ಕಚನಿಗೂ ಯಾವ ಸಂಬಂಧವೂ ಇರಲಿಲ್ಲ, ಆ ರಾತ್ರಿ ಅದಕ್ಕೆ ಅಡ್ಡ ಸಿಕ್ಕವನು ಅವನು, ಅಷ್ಟೇ. ಇಲ್ಲಿ ಆಯುಧದ ಅರ್ಧ ಭಾಗ ಹುಟ್ಟಿನಿಂದಲೇ ಅವನ ಮೈಯೊಳಗಿದೆ. ಅವನ ಬಲ ಯಾವುದೋ ಅದೇ ಅವನ ಮೃತ್ಯು. ಅರ್ಜುನನಿಗೆ ಇಟ್ಟ ಬಾಣ ಇವನಿಗೆ ಬಿತ್ತು ಅಂತ ಜಾವಾದಲ್ಲಿ ಯಾರೂ ಹೇಳಲಾರರು, ಅದು ಮೊದಲಿನಿಂದಲೂ ಇವನದೇ.

ಹುಟ್ಟಿದ ಮಗುವಿಗೆ ಕೂಡಲೇ ಕೆಲಸವೂ ಕಾದಿತ್ತು. ಅಪ್ಸರೆ ಬೇಕೆಂದು ಹಟ ಹಿಡಿದ ರಾಕ್ಷಸ ರಾಜನೊಬ್ಬ ತನ್ನ ಮಂತ್ರಿ ಸೆಕಿಪುವನ್ನು ಸ್ವರ್ಗಕ್ಕೆ ನುಗ್ಗಿಸಿದ್ದ. ದೇವತೆಗಳು ಕೂಸನ್ನೇ ತಂದು ಅವನೆದುರು ಹಾಕಿದರು. ಹೊಡೆದಷ್ಟೂ ಕೂಸು ಬೆಳೆಯಿತು. ಬಳಿಕ ಅದನ್ನು ಚಂದ್ರದಿಮುಕ ಎಂಬ ಕುದಿಯುವ ಕುಂಡಕ್ಕೆ ಎಸೆದು, ಮೇಲಿಂದ ತಂತಮ್ಮ ಆಯುಧಗಳನ್ನೆಲ್ಲ ಸುರಿದರು. ಆಯುಧಗಳು ಕರಗಿ ಮೈಗೂಡಿದವು. ಎದ್ದು ಬಂದವನು ತಂತಿಯ ನರ, ಕಬ್ಬಿಣದ ಮೂಳೆಯ ಯುವಕ. ‘ಒತೊತ್ ಕಾವಾತ್, ಬಾಲುಂಗ್ ವೆಸಿ’ ಎಂಬ ಆ ವರ್ಣನೆ ಇವತ್ತಿಗೂ ಜಾವಾದಲ್ಲಿ ಗಟ್ಟಿಮುಟ್ಟಾದವರಿಗೆ ಹೇಳುವ ಮಾತು. ಕಠಿಣ ತರಬೇತಿಯ ಜಾಗವನ್ನು ‘ಚಂದ್ರದಿಮುಕ’ ಎನ್ನುವುದು ಇಂಡೋನೇಷ್ಯಾದ ಪತ್ರಿಕೆಗಳಲ್ಲೂ ಬಳಕೆಯಲ್ಲಿದೆ. ಆ ಹೆಸರಿನ, ಗಂಧಕದ ಹೊಗೆಯುಗುಳುವ ಕುಂಡವೊಂದು ದಿಯೆಂಗ್‌ನಲ್ಲಿ ನಿಜಕ್ಕೂ ಇದೆ.

ಸೆಕಿಪುವನ್ನೂ ಅವನ ಒಡೆಯನನ್ನೂ ಕೊಂದ ಮೇಲೆ ಕೃಷ್ಣ ಹುಡುಗನ ಕೋರೆಹಲ್ಲು ಕತ್ತರಿಸಿದ. ಅಲ್ಲಿಗೆ ರಾಕ್ಷಸತ್ವ ಮುಗಿದು ಅವನು ಕ್ಷತ್ರಿಯನಾದ. ದೇವತೆಗಳು ಮೂರು ಉಡುಗೊರೆ ಕೊಟ್ಟರು: ಬಿಸಿಲು ಮಳೆ ತಾಗದ ಟೊಪ್ಪಿ, ರೆಕ್ಕೆಯಿಲ್ಲದೆ ಹಾರಿಸುವ ‘ಅಂತ್ರಕುಸುಮ’ ಎಂಬ ಕವಚದಂಥ ರವಿಕೆ, ಕಾಲಿಗೆ ಮಾಯದ ಪಾದುಕೆ. ಮುಂದೆ ಅಮ್ಮನ ಕಡೆಯಿಂದ ಪ್ರಿಂಗಂದಾನಿಯ ಪಟ್ಟ, ಅರ್ಜುನನ ಮಗಳು ಪ್ರೆಗಿವಳೊಂದಿಗೆ ಮದುವೆ. ಪ್ರೆಗಿವಳ ಮೋಹದಲ್ಲಿ ಕಳವಳಿಸುವ ಘಟೋತ್ಕಚನ ಏಕವ್ಯಕ್ತಿ ನೃತ್ಯ ‘ಗಟೊತ್ಕಚ ಗಂದ್ರುಂಗ್’ ಜಾವಾ ನೃತ್ಯದಲ್ಲಿ ಹೆಸರುವಾಸಿ. ಕಬ್ಬಿಣದ ಮೂಳೆಯವನು ಇಲ್ಲದ ಹುಡುಗಿಯನ್ನು ಇದ್ದಾಳೆಂದುಕೊಂಡು ಮಾತಾಡಿಸುವುದನ್ನು ನೋಡುವುದೇ ಒಂದು ಚಂದ.

ಗೊಂಬೆಯ ಬಗ್ಗೆ ನಾಲ್ಕು ಮಾತು ಹೇಳದಿದ್ದರೆ ಈ ಕಥೆ ಅರ್ಧವೇ. ನಮ್ಮ ತೊಗಲುಗೊಂಬೆ ತೆಳು, ಬೆಳಕು ಅದರೊಳಗಿಂದ ಹಾಯ್ದು ಪರದೆಯ ಮೇಲೆ ಬಣ್ಣ ಚೆಲ್ಲುತ್ತದೆ. ಜಾವಾದ್ದು ಎಮ್ಮೆ ಚರ್ಮ, ದಪ್ಪ. ಬೆಳಕು ಹಾಯುವುದು ಉಳಿಯಿಂದ ಕೊರೆದ ಸಣ್ಣ ಸಣ್ಣ ತೂತುಗಳ ಮೂಲಕ, ಹಾಗಾಗಿ ನೆರಳು ಕಪ್ಪು ಕಸೂತಿಯಂತೆ ಬೀಳುತ್ತದೆ. ಆದರೂ ಗೊಂಬೆಗೆ ಚಿನ್ನ, ಬಣ್ಣ ಹಚ್ಚುತ್ತಾರೆ, ಯಾಕೆಂದರೆ ಪರದೆಯ ಈಚೆ, ದಲಾಂಗ್ ಕೂತ ಬದಿಯಲ್ಲೂ ಜನ ಕೂತು ನೋಡುತ್ತಾರೆ. ಗೊಂಬೆಯನ್ನು ನಿಲ್ಲಿಸುವ ನಡುಕಡ್ಡಿ ಎಮ್ಮೆ ಕೊಂಬಿನದು. ಪರದೆಯ ಬುಡದಲ್ಲಿ ಬಾಳೆದಿಂಡು, ಗೊಂಬೆಗಳನ್ನು ಚುಚ್ಚಿ ನಿಲ್ಲಿಸುವುದಕ್ಕೆ. ದಲಾಂಗ್ ಒಬ್ಬನೇ ರಾತ್ರಿ ಒಂಬತ್ತರ ಸುಮಾರಿಗೆ ಶುರುಮಾಡಿ ಬೆಳಗಿನವರೆಗೆ ಎಲ್ಲ ಪಾತ್ರಗಳ ಮಾತಾಡುತ್ತಾನೆ, ಗೊಂಬೆ ಕುಣಿಸುತ್ತಾನೆ, ಮರದ ಸುತ್ತಿಗೆಯಿಂದ ಪೆಟ್ಟಿಗೆ ಬಡಿದು ಹಿಂದಿರುವ ಗಾಮೆಲಾನ್ ವಾದ್ಯಮೇಳಕ್ಕೆ ಸೂಚನೆ ಕೊಡುತ್ತಾನೆ.

ಒಂದೇ ಪಾತ್ರಕ್ಕೆ ಹಲವು ಗೊಂಬೆಗಳಿರುತ್ತವೆ. ಪಾತ್ರದ ಮನಸ್ಥಿತಿಗೆ ತಕ್ಕಂತೆ ಕತ್ತಿನ ಓರೆ, ಹೆಗಲ ಎತ್ತರ, ಮುಖದ ಬಣ್ಣ ಕೊಂಚ ಕೊಂಚ ಬೇರೆ. ಇದಕ್ಕೆ ‘ವಂದ’ ಎನ್ನುತ್ತಾರೆ. ಘಟೋತ್ಕಚನ ವಂದಗಳಲ್ಲಿ ಗುಂತುರ್ ಅಂದರೆ ಗುಡುಗು, ಕಿಲಾತ್ ಅಂದರೆ ಮಿಂಚು. ಅವನ ಹಾರಾಟ ದಲಾಂಗ್‌ನ ಕೈಚಳಕಕ್ಕೆ ಪರೀಕ್ಷೆ. ಬಲಗೈಯಿಂದ ಎಸೆದ ಗೊಂಬೆ ಪರದೆಯ ಉದ್ದಕ್ಕೂ ಹಾರಿ ಎಡಗೈಗೆ ಬರಬೇಕು, ಅಷ್ಟರಲ್ಲಿ ಮಗ್ಗುಲು ಬದಲಿಸಿರಬೇಕು. ದೀಪದ ಹತ್ತಿರ ತಂದರೆ ನೆರಳು ಹಿಗ್ಗಿ ಪರದೆಯನ್ನೇ ನುಂಗುತ್ತದೆ, ಪರದೆಗೆ ಒತ್ತಿದರೆ ಚೂಪಾಗುತ್ತದೆ. ಈ ಚಲನೆಯ ಕಲೆಗೆ ‘ಸಾಬೆತ್’ ಎಂದು ಹೆಸರು. ಇದರಲ್ಲಿ ಎತ್ತಿದ ಕೈ ಎನಿಸಿಕೊಂಡ, 2021ರಲ್ಲಿ ತೀರಿಕೊಂಡ ಕಿ ಮಂತೆಬ್ ಸುಧರ್ಸೊನೊ ಅವರನ್ನು ಜನ ‘ದೆವ್ವದ ದಲಾಂಗ್’ ಎಂದೇ ಕರೆಯುತ್ತಿದ್ದರು.

ಇಲ್ಲಿಯವರೆಗಿನದು ವೀರನ ಕಥೆ, ಬಲ ಇದ್ದವನು ಗೆಲ್ಲುತ್ತಾನೆ. ಅವನನ್ನು ಬರೀ ಬಲಶಾಲಿಯಿಂದ ಮನುಷ್ಯನನ್ನಾಗಿ ಮಾಡುವುದು ಕಲಬೆಂದನನ ಪ್ರಸಂಗ. ನನ್ನ ಮಟ್ಟಿಗೆ ಘಟೋತ್ಕಚನ ಇಡೀ ಚಕ್ರದಲ್ಲಿ ಇದಕ್ಕೆ ಸಾಟಿಯಿಲ್ಲ.

ಕಲಬೆಂದನ ಅರಿಂಬಿಯ ಕೊನೆಯ ತಮ್ಮ, ಘಟೋತ್ಕಚನ ಸೋದರಮಾವ. ಗಿಡ್ಡ, ಸೊಟ್ಟ ಮೈ, ಮಗುವಿನ ಮನಸ್ಸು. ಅವನಿಗೆ ಸುಳ್ಳು ಹೇಳಲು ಬರುವುದಿಲ್ಲ. ಅಳಿಯ ಅಂದರೆ ಪ್ರಾಣ. ಹೀಗಿರುವಾಗ ಅಭಿಮನ್ಯು ವಿರಾಟನ ಅರಮನೆಗೆ ಹೋಗಿ ಉತ್ತರೆಗೆ ಮರುಳಾಗುತ್ತಾನೆ. ಕ್ಷಿತಿಸುಂದರಿಯನ್ನು ಮದುವೆಯಾಗಿದ್ದರೂ, ತನಗೆ ಮದುವೆಯೇ ಆಗಿಲ್ಲ, ಸುಳ್ಳಾದರೆ ನೂರು ಆಯುಧ ಮೈಗೆ ಚುಚ್ಚಿ ಸಾಯುತ್ತೇನೆ ಎಂದು ಆಣೆಯಿಡುತ್ತಾನೆ. ಅತ್ತ ಕ್ಷಿತಿಸುಂದರಿ ಗಂಡನ ದಾರಿ ಕಾಯುತ್ತಿದ್ದಾಳೆ. ಹುಡುಕುತ್ತ ಬಂದ ಕಲಬೆಂದನ ಉತ್ತರೆಯ ಎದುರೇ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುತ್ತಾನೆ: ಇವನಿಗೆ ಹೆಂಡತಿ ಇದ್ದಾಳೆ, ಕರೆದುಕೊಂಡು ಹೋಗಲು ಬಂದಿದ್ದೇನೆ. ತಮ್ಮನ ಮಾನ ಕಾಯಲು ಹೊರಟ ಘಟೋತ್ಕಚ ಸಿಟ್ಟಿನಲ್ಲಿ ಮಾವನಿಗೆ ಒಂದೇಟು ಹೊಡೆಯುತ್ತಾನೆ. ಕೊಲ್ಲುವ ಮನಸ್ಸಿರಲಿಲ್ಲ. ಆದರೆ ಆ ಕೈಗೆ ಒಂದೇ ಏಟು ಸಾಕು. ಸಾಯುವಾಗಲೂ ಕಲಬೆಂದನ ಶಪಿಸುವುದಿಲ್ಲ. ನಿನ್ನ ಬಿಟ್ಟು ಸ್ವರ್ಗಕ್ಕೆ ಹೋಗಲಾರೆ, ನೀನು ಬರುವವರೆಗೂ ಕಾಯುತ್ತೇನೆ ಎನ್ನುತ್ತಾನೆ. ಶಾಪವಾಗಿದ್ದರೆ ಕೇಳಿಸಿಕೊಳ್ಳುವುದು ಸುಲಭವಿತ್ತು.

ಪನುಲುಹ್‌ನ ಕಾವ್ಯದಲ್ಲಿ ಘಟೋತ್ಕಚ ನಿಂತು ಮಾಡಿಸಿದ ಮದುವೆಯನ್ನು ಇಲ್ಲಿ ಅದೇ ಘಟೋತ್ಕಚ ಸುಳ್ಳಿನಿಂದ ಮುಚ್ಚಿಡುತ್ತಾನೆ. ಎರಡಕ್ಕೂ ಕಾರಣ ತಮ್ಮನ ಮೇಲಿನ ಪ್ರೀತಿ. ನಿಷ್ಠೆ ಅವನ ದೊಡ್ಡ ಗುಣ, ನಿಜ ಹೇಳಿದವನ ಪ್ರಾಣ ತೆಗೆದದ್ದೂ ಅದೇ ಗುಣ. ವಯಾಂಗ್‌ನ ಕಥೆಗಾರರು ಇದನ್ನು ಬಿಡಿಸಿ ಹೇಳುವ ಗೋಜಿಗೆ ಹೋಗುವುದಿಲ್ಲ, ಲೆಕ್ಕವನ್ನು ಯುದ್ಧಕ್ಕೆ ಬಿಡುತ್ತಾರೆ. ಹದಿಮೂರನೆಯ ದಿನ ಅಭಿಮನ್ಯುವಿನ ಮೈಗೆ ಆಣೆಯಿಟ್ಟಂತೆಯೇ ಲೆಕ್ಕವಿಲ್ಲದಷ್ಟು ಆಯುಧಗಳು ನಾಟುತ್ತವೆ. ಮರುದಿನದ ರಾತ್ರಿ ಅಣ್ಣನ ಸರದಿ.

ಆ ಪ್ರಸಂಗ ‘ಗಟೊತ್ಕಚ ಗುಗುರ್’, ಘಟೋತ್ಕಚನ ಪತನ. ದೊಂದಿಗಳ ಕಾಳಗವಾದ್ದರಿಂದ ‘ಸುಲುಹಾನ್’ ಎಂದೂ ಹೆಸರಿದೆ. ಭಾರತಯುದ್ಧದ ಪ್ರಸಂಗಗಳು ಭಾರವಾದವು, ಮದುವೆ ಮುಂಜಿಯಂಥ ಶುಭಕಾರ್ಯಕ್ಕೆ ಸಾಮಾನ್ಯವಾಗಿ ಇವನ್ನು ಆಡಿಸುವುದಿಲ್ಲ. ಕರ್ಣ ಕೊಂತವನ್ನು ಕೈಗೆತ್ತಿಕೊಂಡದ್ದು ಕಂಡ ಕೂಡಲೇ ಘಟೋತ್ಕಚ ಮೇಲೇರುತ್ತಾನೆ, ಮೋಡದ ಮೇಲಿನ ಮೋಡಕ್ಕೆ, ಅಸ್ತ್ರ ಮುಟ್ಟಲಾರದಷ್ಟು ಎತ್ತರಕ್ಕೆ. ಕರ್ಣ ಬಿಟ್ಟ ಕೊಂತ ಬೆನ್ನಟ್ಟಿ ಬರುತ್ತದೆ, ಕೊನೆಗೆ ವೇಗ ಕುಗ್ಗಿ ಇನ್ನೇನು ಕೆಳಗೆ ಬೀಳಬೇಕು. ಆಗ ಕಾಯುತ್ತಿದ್ದ ಕಲಬೆಂದನನ ಆತ್ಮ ಅದನ್ನು ಹಿಡಿದುಕೊಳ್ಳುತ್ತದೆ, ಅಳಿಯನ ಬಳಿಗೆ ಒಯ್ದು ಹೊಕ್ಕುಳಿಗೆ ಸೇರಿಸುತ್ತದೆ. ಅಲಗು ಒರೆಯೊಳಗೆ ಕೂರುತ್ತದೆ.

ಬೀಳುವಾಗಲೂ ಅವನು ಯೋಧನೇ. ಮೈಯನ್ನು ಕರ್ಣನ ರಥದ ಮೇಲೆ ಬೀಳುವಂತೆ ತಿರುಗಿಸುತ್ತಾನೆ. ರಥ ಪುಡಿಪುಡಿ, ಕರ್ಣ ಹಾರಿ ಪಾರಾಗುತ್ತಾನೆ. ಅರಿಂಬಿ ಮಗನ ಚಿತೆಗೆ ಹಾರುತ್ತಾಳೆ.

ಕೃಷ್ಣನ ಲೆಕ್ಕ ಇಲ್ಲೂ ಇದೆ, ಅವನನ್ನು ಆ ರಾತ್ರಿ ಕರ್ಣನೆದುರು ಕಳಿಸುವವನು ಇಲ್ಲಿಯೂ ಕೃಷ್ಣನೇ. ಆದರೆ ಭಾರ ಅವನೊಬ್ಬನ ಮೇಲಿಲ್ಲ. ನಾರದನ ಎಡವಟ್ಟು, ಸೂರ್ಯನ ಪುತ್ರಪ್ರೇಮ, ಅಭಿಮನ್ಯುವಿನ ಸುಳ್ಳು, ಘಟೋತ್ಕಚನದೇ ಒಂದು ಏಟು, ಮಾವನ ಬಿಡದ ಪ್ರೀತಿ, ಎಲ್ಲಕ್ಕೂ ಅದರಲ್ಲಿ ಪಾಲಿದೆ. ವ್ಯಾಸರ ಕಥೆ ಓದಿದರೆ ಘಟೋತ್ಕಚನಿಗೆ ಅನ್ಯಾಯವಾಯಿತು ಅನ್ನಿಸುತ್ತದೆ. ಜಾವಾದ ಕಥೆ ನೋಡಿದರೆ ಯಾರನ್ನು ದೂರಬೇಕು ಎಂದೇ ತಿಳಿಯುವುದಿಲ್ಲ. ಹೆಚ್ಚು ಸಂಕಟ ಕೊಡುವುದು ಎರಡನೆಯದು.

ಇಂದಿನ ಇಂಡೋನೇಷ್ಯಾಕ್ಕೆ ಅವನಿಂದ ಬೇಕಾಗಿರುವುದು ಹೆಚ್ಚಾಗಿ ಹಾರಾಟ ಮತ್ತು ತೋಳ್ಬಲ. ಬಾಂಡುಂಗ್‌ನ ವಿಮಾನ ಕಾರ್ಖಾನೆ ಸ್ಪೇನ್ ಜೊತೆ ಸೇರಿ ಕಟ್ಟಿದ ಸಿಎನ್-235ರ ತನ್ನ ಮೊದಲ ಮಾದರಿಗೆ 1983ರಲ್ಲಿ ಇಟ್ಟ ಹೆಸರು ‘ತೆತುಕೊ’, ಕೂಸಿನ ಹೆಸರು. ಮುಂದೆ ದೇಶದ ಅಧ್ಯಕ್ಷರೂ ಆದ ವಿಮಾನ ಎಂಜಿನಿಯರ್ ಹಬೀಬಿಯವರ ಮುಂದಾಳತ್ವದಲ್ಲಿ ದೇಶದೊಳಗೇ ವಿನ್ಯಾಸಗೊಂಡ ಎನ್-250 ವಿಮಾನ 1995ರ ಆಗಸ್ಟ್ 10ರಂದು ಮೊದಲ ಸಲ ಹಾರಿದಾಗ ಅದರ ಹೆಸರು ‘ಗಟೊತ್ಕೊಚೊ’. ಆ ದಿನವನ್ನು ಅಲ್ಲಿ ಇಂದಿಗೂ ರಾಷ್ಟ್ರೀಯ ತಂತ್ರಜ್ಞಾನ ದಿನವಾಗಿ ಆಚರಿಸುತ್ತಾರೆ. 1997-98ರ ಏಷ್ಯಾದ ಆರ್ಥಿಕ ಕುಸಿತದಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಷರತ್ತಿನಂತೆ ಸರ್ಕಾರದ ಹಣ ನಿಂತು ಯೋಜನೆ ಮುಗಿಯಿತು, ವಿಮಾನ 2020ರಲ್ಲಿ ಯೋಗ್ಯಕರ್ತದ ವಾಯುಪಡೆ ವಸ್ತುಸಂಗ್ರಹಾಲಯ ಸೇರಿತು. ಬಾಲಿಯ ವಿಮಾನ ನಿಲ್ದಾಣದಿಂದ ಹೊರಬಂದರೆ ಹತ್ತಿರದ ವೃತ್ತದಲ್ಲೇ ಕರ್ಣನ ರಥದ ಮೇಲೆರಗುವ ಘಟೋತ್ಕಚನ ದೊಡ್ಡ ಶಿಲ್ಪವಿದೆ. ಕನ್ನಡದ ಪ್ರವಾಸಿಗರು ಎಷ್ಟೋ ಜನ ಅದರ ಮುಂದೆ ಹಾದುಹೋಗಿರುತ್ತಾರೆ, ಘಟೋತ್ಕಚ ಎಂದು ಹೊಳೆದಿರುವುದು ಅನುಮಾನ. ಮೊಬೈಲ್ ಗೇಮ್‌ನಲ್ಲಿ ಅವನಿದ್ದಾನೆ, 2022ರಲ್ಲಿ ಈ ಕಾಲದ ಸೂಪರ್‌ಹೀರೋ ಆಗಿ ಸಿನಿಮಾಕ್ಕೂ ಬಂದ.

ಹೊಸ ರೂಪಗಳ ಬಗ್ಗೆ ತಕರಾರಿಲ್ಲ, ಚರಂಗಾನ್ ಅಂದರೆ ಅದೇ ಅಲ್ಲವೇ. ಆದರೆ ಘಟೋತ್ಕಚನ ಪರಿಚಯ ಮಾಡಿಕೊಳ್ಳಬೇಕೆನ್ನುವವರು ಹಾರಾಟದ ದೃಶ್ಯಗಳಿಂದ ಶುರುಮಾಡಬಾರದು. ಇಡೀ ರಾತ್ರಿಯ ಆಟಗಳ ರೆಕಾರ್ಡಿಂಗ್‌ಗಳು ಯೂಟ್ಯೂಬ್‌ನಲ್ಲಿ ಬೇಕಾದಷ್ಟಿವೆ, ಭಾಷೆ ಬರದಿದ್ದರೂ ಕಥೆ ತಿಳಿದ ನಮಗೆ ಗೊಂಬೆಗಳ ಜಾಡು ಹಿಡಿಯುವುದು ಅಷ್ಟು ಕಷ್ಟವಲ್ಲ. ಮೊದಲು ‘ಕಲಬೆಂದನ ಗುಗುರ್’ ನೋಡಿ, ‘ಗಟೊತ್ಕಚ ಗುಗುರ್’ ಅದರ ನಂತರ.